ಗೃಹಬಳಕೆಯ ವಿದ್ಯುತ್ ಉಳಿತಾಯ

ಗೃಹಬಳಕೆಯ ವಿದ್ಯುತ್ ಉಳಿತಾಯ ಎಂದರೆ ಮನೆಯ ನಿತ್ಯದ ಅಗತ್ಯಗಳಿಗೆ ಕೊರತೆಯಾಗದಂತೆ ವಿದ್ಯುತ್ ಬಳಕೆಯನ್ನು ತಗ್ಗಿಸಿ, ಆ ಮೂಲಕ ಮನೆಖರ್ಚನ್ನು ಕಡಿಮೆ ಮಾಡುವ ಕ್ರಮ. ಕರ್ನಾಟಕದಲ್ಲಿ ಪ್ರತಿ ತಿಂಗಳೂ ತೆರಬೇಕಾದ ಮನೆಖರ್ಚುಗಳಲ್ಲಿ ವಿದ್ಯುತ್ ಬಿಲ್ಲೂ ಒಂದು. ಅಳೆದು ನೋಡಬಹುದಾದ ಖರ್ಚು ಇದಾದ್ದರಿಂದ ಉಳಿತಾಯದ ಫಲವನ್ನು ಮರುತಿಂಗಳ ಬಿಲ್ಲಿನಲ್ಲಿಯೇ ಕಾಣಬಹುದು. ಸಾಮಾನ್ಯವಾಗಿ ಉಳಿತಾಯವೆಂದರೆ ದೀಪ ಆರಿಸುವುದು ಎಂಬ ಭಾವನೆ ಇದೆ. ಆದರೆ ಬಿಲ್ಲಿನ ಬಹುಪಾಲನ್ನು ನಿರ್ಧರಿಸುವುದು ನೀರು ಕಾಯಿಸುವ, ತಂಪು ಮಾಡುವ ಹಾಗೂ ದಿನವಿಡೀ ಚಾಲನೆಯಲ್ಲಿರುವ ಉಪಕರಣಗಳು.

ಹಿನ್ನೆಲೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು 1902ರಲ್ಲಿ ಆರಂಭವಾಗಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ದೀಪಗಳು ಬೆಳಗಿದವು. ಬಹುಕಾಲದವರೆಗೆ ಮನೆಗಳಲ್ಲಿ ವಿದ್ಯುತ್ತಿನ ಮುಖ್ಯ ಬಳಕೆ ಬೆಳಕಿಗಾಗಿಯೇ ಇತ್ತು. ದೀಪ ಆರಿಸುವುದೇ ಮಿತವ್ಯಯವೆಂಬ ರೂಢಿಗೆ ಇದೂ ಒಂದು ಕಾರಣ. ಸ್ನಾನದ ನೀರು ಬಚ್ಚಲುಮನೆಯ ಹಂಡೆಯಲ್ಲಿ ಸೌದೆ, ತೆಂಗಿನ ಗರಿ ಮತ್ತು ಮಟ್ಟೆಗಳ ಉರಿಯಿಂದ ಕಾಯುತ್ತಿತ್ತು. ಹಿಟ್ಟು ರುಬ್ಬುವ ಕಲ್ಲಿನಲ್ಲಿ ಸಿದ್ಧವಾಗುತ್ತಿತ್ತು. ಗೀಸರ್, ಫ್ರಿಜ್, ಮಿಕ್ಸರ್ ಮತ್ತು ಬಟ್ಟೆ ಒಗೆಯುವ ಯಂತ್ರಗಳು ಬಂದ ಮೇಲೆ ಬಳಕೆಯ ಸ್ವರೂಪ ಬದಲಾಯಿತು.

ಭಾರತದಲ್ಲಿ 2001ರ ಇಂಧನ ಸಂರಕ್ಷಣಾ ಕಾಯಿದೆಯಡಿ ಇಂಧನ ದಕ್ಷತಾ ಬ್ಯೂರೋ 2002ರಲ್ಲಿ ಸ್ಥಾಪನೆಯಾಯಿತು. ಉಪಕರಣಗಳಿಗೆ ನಕ್ಷತ್ರ ಚೀಟಿ ಅಂಟಿಸುವ ಯೋಜನೆ 2006ರಲ್ಲಿ ಆರಂಭವಾಯಿತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಉಜಾಲಾ ಯೋಜನೆಯು ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಒದಗಿಸಿತು. ಕರ್ನಾಟಕದಲ್ಲಿ ಇದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಜಾರಿಗೆ ಬಂತು.

ಬಳಕೆಯ ಲೆಕ್ಕ

ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ. ಅಂದರೆ 1,000 ವ್ಯಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದಾಗ ಖರ್ಚಾಗುವ ವಿದ್ಯುತ್. ಉಪಕರಣದ ವ್ಯಾಟ್ ಪ್ರಮಾಣವನ್ನು ಬಳಕೆಯ ಗಂಟೆಗಳಿಂದ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್‌ಗಳು ದೊರೆಯುತ್ತವೆ. 30 ದಿನಗಳ ತಿಂಗಳಿಗೆ ಕೆಲವು ಉದಾಹರಣೆಗಳು ಹೀಗಿವೆ:

• 9 ವ್ಯಾಟ್‌ನ ಎಲ್‌ಇಡಿ ಬಲ್ಬು, ದಿನಕ್ಕೆ 5 ಗಂಟೆ: 1.35 ಯೂನಿಟ್
• 60 ವ್ಯಾಟ್‌ನ ಹಳೆಯ ತಂತಿ ಬಲ್ಬು, ದಿನಕ್ಕೆ 5 ಗಂಟೆ: 9 ಯೂನಿಟ್
• 150 ವ್ಯಾಟ್‌ನ ಗ್ರೈಂಡರ್, ದಿನಕ್ಕೆ ಅರ್ಧ ಗಂಟೆ: 2.25 ಯೂನಿಟ್
• 75 ವ್ಯಾಟ್‌ನ ಸೀಲಿಂಗ್ ಫ್ಯಾನ್, ದಿನಕ್ಕೆ 12 ಗಂಟೆ: 27 ಯೂನಿಟ್
• 2,000 ವ್ಯಾಟ್‌ನ ಗೀಸರ್, ದಿನಕ್ಕೆ ಒಂದು ಗಂಟೆ: 60 ಯೂನಿಟ್

ಈ ಪಟ್ಟಿಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಕಡಿಮೆ ಹೊತ್ತು ನಡೆದರೂ ಶಾಖ ಉತ್ಪಾದಿಸುವ ಉಪಕರಣಗಳ ಬಳಕೆ ಹೆಚ್ಚು. ಕಡಿಮೆ ವ್ಯಾಟ್‌ನದಾದರೂ ದೀರ್ಘಕಾಲ ನಡೆಯುವ ಉಪಕರಣಗಳ ಬಳಕೆಯೂ ಗಣನೀಯ. ಇದಕ್ಕೆ ಹೋಲಿಸಿದರೆ ಎಲ್‌ಇಡಿ ದೀಪದ ಖರ್ಚು ತೀರಾ ಅಲ್ಪ. ಯೂನಿಟ್‌ಗೆ 5 ರೂಪಾಯಿ 90 ಪೈಸೆಯ ದರದಲ್ಲಿ, ಓದುವ ಮಗುವಿಗಾಗಿ 9 ವ್ಯಾಟ್‌ನ ದೀಪವನ್ನು ಮೂರು ಗಂಟೆ ಉರಿಸಿದರೆ ತಗಲುವ ವೆಚ್ಚ ಸುಮಾರು 16 ಪೈಸೆ.

ದರ ಮತ್ತು ಗೃಹಜ್ಯೋತಿ

ರಾಜ್ಯದ ವಿದ್ಯುತ್ ದರಗಳನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ. ಬಿಲ್ಲಿನಲ್ಲಿ ಎರಡು ಮುಖ್ಯ ಭಾಗಗಳಿವೆ: ಮಂಜೂರಾದ ಲೋಡ್‌ಗೆ ಅನುಗುಣವಾದ ನಿಗದಿತ ಶುಲ್ಕ ಮತ್ತು ಬಳಸಿದ ಯೂನಿಟ್‌ಗಳಿಗೆ ತಗಲುವ ವಿದ್ಯುತ್ ಶುಲ್ಕ. ಇವುಗಳ ಜೊತೆಗೆ ತೆರಿಗೆ ಸೇರುತ್ತದೆ. 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಹಂತವಾರು ದರಗಳನ್ನು ಕೈಬಿಟ್ಟು ಯೂನಿಟ್‌ಗೆ 5 ರೂಪಾಯಿ 90 ಪೈಸೆಯ ಏಕರೂಪ ದರವನ್ನು ಜಾರಿಗೆ ತರಲಾಯಿತು. ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್‌ವರೆಗಿನ ಬಳಕೆಗೆ ಉಚಿತ ವಿದ್ಯುತ್ತಿನ ಸೌಲಭ್ಯವಿದೆ. ಆದರೆ ಪ್ರತಿ ಮನೆಗೂ 200 ಯೂನಿಟ್ ಉಚಿತವೆಂಬುದು ತಪ್ಪು ಗ್ರಹಿಕೆ. ಆರಂಭದ ನಿಯಮದಂತೆ, 2022–23ನೆಯ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿ ಆಯಾ ಮನೆಯ ಅರ್ಹ ಪ್ರಮಾಣವನ್ನು ನಿರ್ಧರಿಸಲಾಯಿತು. ಅರ್ಹ ಪ್ರಮಾಣವನ್ನು ಮೀರಿದರೂ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ಮೀರಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕು.

ಈ ನಿಯಮದಿಂದಾಗಿ 200ರ ಗಡಿಯ ಸಮೀಪದಲ್ಲಿರುವ ಕುಟುಂಬಗಳಿಗೆ ಕೆಲವೇ ಯೂನಿಟ್‌ಗಳ ಉಳಿತಾಯವೂ ಮಹತ್ವದ್ದಾಗುತ್ತದೆ. ಉದಾಹರಣೆಗೆ, 150 ಯೂನಿಟ್ ಅರ್ಹತೆಯ ಮನೆಯಲ್ಲಿ ಬಳಕೆ 190 ಆದರೆ 40 ಯೂನಿಟ್‌ಗಳಿಗೆ, ಮೇಲಿನ ದರದಲ್ಲಿ, 236 ರೂಪಾಯಿ ಆಗುತ್ತದೆ. ಬಳಕೆ 201 ಆದರೆ ಎಲ್ಲ ಯೂನಿಟ್‌ಗಳಿಗೂ ಸೇರಿ ಸುಮಾರು 1,186 ರೂಪಾಯಿ ಆಗುತ್ತದೆ. ನಿಗದಿತ ಶುಲ್ಕ ಮತ್ತು ತೆರಿಗೆಯನ್ನು ಬಿಟ್ಟರೂ 11 ಯೂನಿಟ್‌ಗಳ ವ್ಯತ್ಯಾಸಕ್ಕೆ ಸುಮಾರು 950 ರೂಪಾಯಿಗಳ ಹೊರೆ ಬೀಳುತ್ತದೆ. ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿ ಹಿಂದಿನ ಬಿಲ್ಲಿನ ರೀಡಿಂಗ್‌ನೊಂದಿಗೆ ಹೋಲಿಸಿದರೆ ಇಂತಹ ಹೊರೆಯನ್ನು ತಪ್ಪಿಸಬಹುದು.

ಉಳಿತಾಯದ ಕ್ರಮಗಳು

ನೀರು ಕಾಯಿಸುವುದು

15 ಲೀಟರ್‌ನ ಒಂದು ಬಕೆಟ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಸುಮಾರು 0.35 ಯೂನಿಟ್ ಬೇಕು. ನಾಲ್ವರ ಕುಟುಂಬಕ್ಕೆ ಇದು ತಿಂಗಳಿಗೆ 42 ಯೂನಿಟ್ ಆಗುತ್ತದೆ. ಗೀಸರನ್ನು ಸ್ನಾನಕ್ಕೆ ಬಹಳ ಮೊದಲೇ ಹಾಕಿಟ್ಟರೆ ಕಾದ ನೀರು ತಣಿಯುತ್ತದೆ. ಅದನ್ನು ಮತ್ತೆ ಕಾಯಿಸಲು ಇನ್ನಷ್ಟು ವಿದ್ಯುತ್ ಖರ್ಚಾಗುತ್ತದೆ. ಮನೆಯವರು ಒಬ್ಬರ ನಂತರ ಒಬ್ಬರು ಸ್ನಾನ ಮುಗಿಸುವುದು, ಥರ್ಮೋಸ್ಟಾಟ್ ತಗ್ಗಿಸುವುದು ಮತ್ತು ಬಕೆಟ್ ಬಳಸುವುದು ಖರ್ಚಿಲ್ಲದ ಉಪಾಯಗಳು. ಬಟ್ಟೆ ಒಗೆಯುವ ಯಂತ್ರದಲ್ಲಿಯೂ ಬಿಸಿನೀರಿನ ಆಯ್ಕೆಯ ಬದಲು ತಣ್ಣೀರು ಬಳಸಿದರೆ ವಿದ್ಯುತ್ ಉಳಿಯುತ್ತದೆ.

ಸೌರ ನೀರು ಕಾಯಿಸುವ ಸಾಧನವು 100 ಲೀಟರ್ ನೀರನ್ನು 35 ಡಿಗ್ರಿಗಳಷ್ಟು ಬಿಸಿ ಮಾಡಿದ ದಿನ ಸುಮಾರು 4 ಯೂನಿಟ್‌ಗಳ ಕೆಲಸವನ್ನು ನಿರ್ವಹಿಸುತ್ತದೆ. ಮಳೆಗಾಲದ ಮೋಡದ ದಿನಗಳಲ್ಲಿ ಇದರ ಪ್ರಯೋಜನ ಕಡಿಮೆ.

ಫ್ಯಾನ್ ಮತ್ತು ಹವಾನಿಯಂತ್ರಕ

ಬಿಎಲ್‌ಡಿಸಿ ಮೋಟಾರಿನ ಫ್ಯಾನ್‌ಗಳು ಸುಮಾರು 30 ವ್ಯಾಟ್‌ನಲ್ಲಿ ನಡೆಯುತ್ತವೆ. ದಿನಕ್ಕೆ 12 ಗಂಟೆ ಬಳಸಿದರೆ 75 ವ್ಯಾಟ್‌ನ ಫ್ಯಾನಿಗಿಂತ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಸಾಮಾನ್ಯ ಫ್ಯಾನಿನ ಹಳೆಯ ಪೆಟ್ಟಿಗೆಯಂತಹ ರೆಗ್ಯುಲೇಟರ್ ವೇಗ ತಗ್ಗಿಸಿದಾಗ ವಿದ್ಯುತ್ತಿನ ಒಂದು ಭಾಗವನ್ನು ಶಾಖವಾಗಿ ಕಳೆಯುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಈ ನಷ್ಟ ಕಡಿಮೆ. ಹವಾನಿಯಂತ್ರಕದ ಉಷ್ಣತೆಯನ್ನು ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ತಿಳಿಸುತ್ತದೆ.

ಫ್ರಿಜ್

ಫ್ರಿಜ್ಜನ್ನು ಗೋಡೆಯಿಂದ ಸ್ವಲ್ಪ ದೂರದಲ್ಲಿ, ಒಲೆ ಮತ್ತು ಬಿಸಿಲಿನಿಂದ ಆಚೆ ಇಡಬೇಕು. ಬಿಸಿ ಅಡುಗೆಯನ್ನು ಆರಿದ ಮೇಲೆ ಒಳಗಿಡಬೇಕು. ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಸಿಕ್ಕಿಸಿದ ಕಾಗದ ಸುಲಭವಾಗಿ ಜಾರಿ ಬಂದರೆ ರಬ್ಬರ್ ಪಟ್ಟಿ ಸವೆದಿದೆ ಎಂದು ತಿಳಿಯಬಹುದು.

ಪಂಪ್ ಮತ್ತು ನೀರಿನ ತೊಟ್ಟಿ

ಸಂಪಿನಿಂದ ಅಥವಾ ಕೊಳವೆಬಾವಿಯಿಂದ ನೀರೆತ್ತುವ ಮನೆಗಳಲ್ಲಿ ನೀರಿನ ಉಳಿತಾಯವೇ ವಿದ್ಯುತ್ ಉಳಿತಾಯವೂ ಆಗಿದೆ. ತೊಟ್ಟಿ ತುಂಬಿದಾಗ ಪಂಪನ್ನು ತಾನಾಗಿಯೇ ನಿಲ್ಲಿಸುವ ಸಾಧನ ಹಾಗೂ ಸೋರುವ ನಲ್ಲಿಯ ದುರಸ್ತಿ ಎರಡನ್ನೂ ಉಳಿಸುತ್ತವೆ.

ಕಾಣದ ಬಳಕೆ

ರಿಮೋಟಿನಿಂದ ಮಾತ್ರ ಆರಿಸಿದ ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ ವಿದ್ಯುತ್ ಎಳೆಯುತ್ತಲೇ ಇರುತ್ತವೆ. ಇವೆರಡೂ ಸೇರಿ 10 ವ್ಯಾಟ್ ಎಳೆದರೆ, ದಿನಕ್ಕೆ 20 ಗಂಟೆಯಂತೆ ತಿಂಗಳಿಗೆ 6 ಯೂನಿಟ್ ಖರ್ಚಾಗುತ್ತದೆ. ಎಲ್ಲ ಸ್ವಿಚ್‌ಗಳನ್ನು ಆರಿಸಿ, ಯುಪಿಎಸ್ ಮತ್ತು ಫ್ರಿಜ್‌ನ ಪ್ಲಗ್ ತೆಗೆದ ಮೇಲೂ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರುವ ಸಾಧ್ಯತೆ ಇದೆ. ಇದನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಪರೀಕ್ಷಿಸಬೇಕು.

ಉಪಕರಣಗಳ ಖರೀದಿ

ನಕ್ಷತ್ರ ಚೀಟಿಯಲ್ಲಿ ಒಂದರಿಂದ ಐದು ನಕ್ಷತ್ರಗಳಿದ್ದು, ಹೆಚ್ಚು ನಕ್ಷತ್ರಗಳು ಹೆಚ್ಚು ದಕ್ಷತೆಯನ್ನು ಸೂಚಿಸುತ್ತವೆ. ಮಾನದಂಡಗಳು ಕಾಲಕಾಲಕ್ಕೆ ಬಿಗಿಯಾಗುವುದರಿಂದ ಚೀಟಿಯ ಮೇಲಿನ ವರ್ಷವನ್ನೂ ಗಮನಿಸಬೇಕು. ಫ್ರಿಜ್‌ನ ಚೀಟಿಯಲ್ಲಿ ವಾರ್ಷಿಕ ಬಳಕೆಯ ಯೂನಿಟ್‌ಗಳೂ ನಮೂದಾಗಿರುತ್ತವೆ. ಹೆಚ್ಚಿನ ಬೆಲೆಯನ್ನು ತಿಂಗಳ ಉಳಿತಾಯದಿಂದ ಭಾಗಿಸಿದರೆ ಹಣ ಹಿಂದಿರುಗುವ ಅವಧಿ ತಿಳಿಯುತ್ತದೆ. ಬಿಎಲ್‌ಡಿಸಿ ಫ್ಯಾನಿಗೆ 1,200 ರೂಪಾಯಿ ಹೆಚ್ಚು ಕೊಡಬೇಕಾಗಿದ್ದು, ತಿಂಗಳಿಗೆ 95 ರೂಪಾಯಿ ಉಳಿದರೆ ಈ ಅವಧಿ ಸುಮಾರು 13 ತಿಂಗಳು. ಬಿಲ್ಲು ಶೂನ್ಯವಾಗಿರುವ ಗೃಹಜ್ಯೋತಿ ಫಲಾನುಭವಿಗೆ ಈ ಖರೀದಿಯಿಂದ ಹಣದ ಲಾಭವಿಲ್ಲ. ಆದ್ದರಿಂದ ಕೆಟ್ಟಿರದ ಫ್ಯಾನನ್ನು ಬದಲಾಯಿಸುವ ತುರ್ತು ಅಂತಹ ಮನೆಗಿಲ್ಲ.

ಮಿತಿಗಳು

ಹೆಚ್ಚು ಉಳಿತಾಯ ತರುವ ಸಾಧನಗಳಿಗೆ ಮೊದಲೇ ಹೆಚ್ಚು ಹಣ ಹೂಡಬೇಕಾಗುವುದರಿಂದ, ಉಳಿತಾಯದ ಅಗತ್ಯ ಹೆಚ್ಚಾಗಿರುವ ಬಡ ಕುಟುಂಬಗಳಿಗೇ ಅವು ಎಟುಕುವುದಿಲ್ಲ. ಬಾಡಿಗೆದಾರರು ಚಾವಣಿಯ ಮೇಲೆ ಸೌರ ಸಾಧನ ಅಳವಡಿಸುವುದಾಗಲಿ, ವೈರಿಂಗ್ ಬದಲಾಯಿಸುವುದಾಗಲಿ ಮನೆಯೊಡೆಯರ ಒಪ್ಪಿಗೆಯನ್ನು ಅವಲಂಬಿಸಿದೆ. ಒಂದೇ ಮೀಟರಿನಡಿ ಹಲವು ಬಾಡಿಗೆ ಮನೆಗಳಿದ್ದರೆ ಒಟ್ಟು ಬಳಕೆ 200 ಯೂನಿಟ್ ದಾಟುವುದರಿಂದ, ಮಿತವಾಗಿ ಬಳಸುವ ಕುಟುಂಬವೂ ಗೃಹಜ್ಯೋತಿಯ ಲಾಭದಿಂದ ವಂಚಿತವಾಗುತ್ತದೆ.

ಉಳಿತಾಯದ ಹೆಸರಿನಲ್ಲಿ ದುಡಿಮೆಯ ಹೊರೆ ಹೆಚ್ಚುವ ಅಪಾಯವೂ ಇದೆ. ಗ್ರೈಂಡರ್ ಬಿಟ್ಟು ರುಬ್ಬುವ ಕಲ್ಲಿಗೆ ಮರಳಿದರೆ ತಿಂಗಳಿಗೆ ಉಳಿಯುವುದು ಹದಿಮೂರು ರೂಪಾಯಿಯಷ್ಟು. ಅದಕ್ಕೆ ತಗಲುವ ಶ್ರಮ ಸಾಮಾನ್ಯವಾಗಿ ಮನೆಯ ಹೆಂಗಸರದು. ಓದುವ ಮಕ್ಕಳ ಬೆಳಕನ್ನು ಕಡಿತಗೊಳಿಸುವುದರಿಂದ ಉಳಿಯುವ ಹಣವಂತೂ ಅದಕ್ಕಿಂತಲೂ ಕಡಿಮೆ.

ಇವನ್ನೂ ನೋಡಿ

• ಗೃಹಜ್ಯೋತಿ ಯೋಜನೆ
• ಇಂಧನ ದಕ್ಷತಾ ಬ್ಯೂರೋ
• ಸೌರ ನೀರು ಕಾಯಿಸುವ ಸಾಧನ
• ಶಿವನಸಮುದ್ರ