ಫರ್ಮ್‌ವೇರ್‌ನಲ್ಲಿ ಸಿ ಭಾಷೆ: ಮಾನಕಗಳು ಮತ್ತು ಕಂಪೈಲರ್ ವಿಸ್ತರಣೆಗಳು

ಉಪಕರಣದ ಚಿಪ್‌ನಲ್ಲೇ ನೆಲೆಸಿ ಅದನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಅದನ್ನು ಸಿ ಭಾಷೆಯಲ್ಲಿ ಬರೆಯುವವರು ಮೊದಲು ಎರಡು ತೀರ್ಮಾನ ಮಾಡಬೇಕು: ಯಾವ ಮಾನಕವನ್ನು ಅನುಸರಿಸುವುದು, ಕಂಪೈಲರ್ ತಾನಾಗಿ ಸೇರಿಸಿದ ವಿಸ್ತರಣೆಗಳನ್ನು ಎಷ್ಟರಮಟ್ಟಿಗೆ ಬಳಸುವುದು. ಮಾನಕಕ್ಕೆ ಬದ್ಧವಾದ ಕೋಡ್ ಬೇರೆ ಕಂಪೈಲರಿಗೂ ಸುಲಭವಾಗಿ ಒಗ್ಗುತ್ತದೆ. ಆದರೆ ಹಾರ್ಡ್‌ವೇರ್‌ನ ಎಲ್ಲ ಮೂಲೆಗಳನ್ನೂ ಅದರಿಂದಲೇ ಮುಟ್ಟಲಾಗದು.

ಆರಂಭ: ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಈ ಭಾಷೆಗೆ, ಅವರು ಬ್ರಯಾನ್ ಕರ್ನಿಗನ್ ಜೊತೆ ಬರೆದ 1978ರ ಪುಸ್ತಕವೇ ಹತ್ತು ವರ್ಷ ಪ್ರಮಾಣವಾಗಿತ್ತು. 1989ರಲ್ಲಿ ಆನ್ಸಿ ಮಾನಕ ಬಂತು, ಮರುವರ್ಷ ಐಎಸ್‌ಒ ಅದನ್ನು ಅಂಗೀಕರಿಸಿತು (ಸಿ90). ಆಪರೇಟಿಂಗ್ ಸಿಸ್ಟಮ್ ಇಲ್ಲದ ಪರಿಸರಕ್ಕೂ ಅದರಲ್ಲಿ ಸ್ಥಾನವಿತ್ತು; ಅಲ್ಲಿ ಪ್ರೋಗ್ರಾಂ ‘ಮೇನ್’ನಿಂದಲೇ ಶುರುವಾಗಬೇಕೆಂಬ ಕಟ್ಟಳೆಯಿಲ್ಲ.

ವಿಸ್ತರಣೆಗಳ ಅಗತ್ಯ: ಇಂಟೆಲ್‌ನ 8051 ಚಿಪ್ ಇದಕ್ಕೆ ಸ್ಪಷ್ಟ ನಿದರ್ಶನ. ಅದರ ಪೋರ್ಟ್ 1 ಇರುವುದು ಹೆಕ್ಸ್ 90 ವಿಳಾಸದಲ್ಲಿ. ಅಂಥ ವಿಶೇಷ ರಿಜಿಸ್ಟರ್‌ಗಳ ವಿಳಾಸವು ಯಂತ್ರಾದೇಶದಲ್ಲೇ ನೇರವಾಗಿ ಇರಬೇಕು, ಪಾಯಿಂಟರ್ ಮೂಲಕ ಅವನ್ನು ತಲುಪುವಂತಿಲ್ಲ. ಮಾನಕ ಸಿಯಲ್ಲಿ ಇದನ್ನು ಹೇಳುವ ದಾರಿಯೇ ಇಲ್ಲವಾದ್ದರಿಂದ ಕೈಲ್ ಕಂಪೈಲರ್ ‘ಎಸ್‌ಎಫ್‌ಆರ್’, ‘ಎಸ್‌ಬಿಟ್’ ಎಂಬ ಸ್ವಂತ ಪದಗಳನ್ನು ಸೇರಿಸಿತು. ವಿವಿಧ ಮೆಮೊರಿ ವಲಯಗಳನ್ನು ಹೆಸರಿಸುವ ಕ್ರಮವನ್ನು ಮುಂದೆ ಐಎಸ್‌ಒ ತನ್ನ ಎಂಬೆಡೆಡ್ ಸಿ ತಾಂತ್ರಿಕ ವರದಿಯಲ್ಲಿ ಸೂಚಿಸಿತು.

ಹೊಸ ಮಾನಕಗಳು: ಸಿ99 ಫರ್ಮ್‌ವೇರ್‌ಗೆ ದೊಡ್ಡ ಉಪಕಾರ ಮಾಡಿತು. ‘ಇಂಟ್’ ಎಂಬ ಪೂರ್ಣಾಂಕ ವಿಧದ ಅಗಲ ಎವಿಆರ್ ಚಿಪ್‌ನಲ್ಲಿ 16 ಬಿಟ್, 32 ಬಿಟ್ ಆರ್ಮ್‌ನಲ್ಲಿ 32 ಬಿಟ್. ನಿಗದಿತ ಅಗಲದ ಪೂರ್ಣಾಂಕ ವಿಧಗಳು ಬಂದ ಮೇಲೆ ಈ ಗೊಂದಲ ತಗ್ಗಿತು. ಆದರೆ ‘ಇನ್‌ಲೈನ್’ ಪದಕ್ಕೆ ಸಿ99 ಕೊಟ್ಟ ಅರ್ಥ ಜಿಸಿಸಿ ಕಂಪೈಲರ್‌ನ ಹಳೆಯ ಅರ್ಥಕ್ಕಿಂತ ಬೇರೆ. ಹಾಗಾಗಿ ಮಾನಕ ಬದಲಿಸಿದರೆ, ಅದುವರೆಗೆ ಸರಿಯಿದ್ದ ಕೋಡ್ ಲಿಂಕ್ ಹಂತದಲ್ಲಿ ಮುಗ್ಗರಿಸಬಹುದು. ಕಂಪೈಲರ್‌ನ ಪೂರ್ವನಿಯೋಜಿತ ಆಯ್ಕೆಯೂ ಸ್ಥಿರವಲ್ಲ: ಜಿಸಿಸಿ 2015ರ 5ನೇ ಆವೃತ್ತಿಯಲ್ಲಿ ಗ್ನೂ89ರಿಂದ (1989ರ ಮಾನಕದ ಜೊತೆ ಜಿಸಿಸಿಯ ವಿಸ್ತರಣೆಗಳು) ಗ್ನೂ11ಕ್ಕೂ, 8ನೇ ಆವೃತ್ತಿಯಲ್ಲಿ ಗ್ನೂ17ಕ್ಕೂ, 2025ರ 15ನೇ ಆವೃತ್ತಿಯಲ್ಲಿ ಗ್ನೂ23ಕ್ಕೂ ಬದಲಾಯಿತು. ಆದ್ದರಿಂದ ಮಾನಕದ ಹೆಸರನ್ನು ಬಿಲ್ಡ್ ಕಡತದಲ್ಲೇ ನಮೂದಿಸುವುದು ಕ್ಷೇಮ.

ನಿನ್ನೆಯ ವಿಸ್ತರಣೆ ಇಂದಿನ ಮಾನಕವಾಗುವುದೂ ಉಂಟು. ರಿಜಿಸ್ಟರ್ ಬಿಟ್‌ಗಳನ್ನು ಬರೆಯಲು ನೆರವಾಗುವ ದ್ವಿಮಾನ ಸಂಖ್ಯೆಗಳು, ‘ಟೈಪ್‌ಆಫ್’ ಎರಡೂ ಜಿಸಿಸಿಯಲ್ಲಿ ಮೊದಲೇ ಬಳಕೆಯಲ್ಲಿದ್ದು, ಸಿ23ರಲ್ಲಿ ಮಾನಕದೊಳಕ್ಕೆ ಬಂದವು.

ಸುರಕ್ಷತಾ ನಿಯಮಗಳು: ಬ್ರಿಟನ್ನಿನ ವಾಹನೋದ್ಯಮಕ್ಕಾಗಿ 1998ರಲ್ಲಿ ಹೊರಬಂದ ಮಿಸ್ರಾ ಸಿ ನಿಯಮಾವಳಿ ಸಿ90ರ ಮೇಲೆ ನಿಂತಿತ್ತು. 2012ರ ಆವೃತ್ತಿ ಸಿ99ಕ್ಕೂ, ಮುಂದಿನ ತಿದ್ದುಪಡಿಗಳು ಸಿ11 ಹಾಗೂ ಸಿ17ಕ್ಕೂ ವಿಸ್ತರಿಸಿದವು. ನಿಯಮಾವಳಿ ಮಾನಕಕ್ಕೆ ಬದ್ಧತೆಯನ್ನು ಕೇಳುವುದರಿಂದ, ವಿಸ್ತರಣೆ ಬಳಸಿದರೆ ಅದಕ್ಕೆ ಕಾರಣವನ್ನು ದಾಖಲಿಸಬೇಕೆಂಬ ಶಿಸ್ತು ಗಟ್ಟಿಯಾಯಿತು.

ಇಂದಿನ ರೂಢಿ: ಆರ್ಮ್‌ನ ಸಿಎಂಸಿಸ್ ಗ್ರಂಥಾಲಯವು ಕಂಪೈಲರ್‌ಗಳ ಭಿನ್ನತೆಯನ್ನು ಕೆಲವೇ ಹೆಡರ್ ಕಡತಗಳಲ್ಲಿ ಮ್ಯಾಕ್ರೋಗಳ ಹಿಂದೆ ಅಡಗಿಸುತ್ತದೆ. ಇದು ಅನುಕರಣೀಯ ಮಾದರಿ. ಕಂಪೈಲರ್‌ಗಿಂತ ಉಪಕರಣದ ಆಯುಷ್ಯ ದೀರ್ಘವಾಗಿರುವುದು ಸಾಮಾನ್ಯ; ಮುಂದೆ ಆ ಕೋಡನ್ನು ಹೊಸ ಕಂಪೈಲರಿಗೆ ಒಯ್ಯುವವರು ಆಗ ಆ ಕಡತಗಳನ್ನಷ್ಟೇ ತಿದ್ದಿದರೆ ಬಹುಪಾಲು ಕೆಲಸ ಮುಗಿಯುತ್ತದೆ.