ಲ್ಯಾವೆಂಡರ್, ಹರಳೆಣ್ಣೆ ಮತ್ತು ಅಮ್ಮನ ಸೊಂಟ

ಹೋದ ತಿಂಗಳು ಊರಿಗೆ ಹೋಗಿದ್ದೆ. ಆಲೂರು ಕಳೆದು ಸಕಲೇಶಪುರ ಹತ್ತಿರವಾಗ್ತಿದ್ದ ಹಾಗೆ ರಸ್ತೆ ಪಕ್ಕ ಯಾವುದೋ ರೆಸಾರ್ಟಿನ ಬೋರ್ಡು: ‘5000 ವರ್ಷಗಳ ಅರೋಮಾಥೆರಪಿ, ಹಳೇ ಸೊಂಟನೋವಿಗೆ ಶಾಶ್ವತ ಪರಿಹಾರ’. ನೋಡಿ ನಗು ಬಂತು. ಮನೆಗೆ ಹೋದರೆ ಅಮ್ಮ ಅದೇ ರೆಸಾರ್ಟಿನ ಪಾಂಪ್ಲೆಟ್ ಹಿಡ್ಕೊಂಡು ಕೂತಿದ್ದಾಳೆ!

ಅಮ್ಮನದು ಹಳೇ ಸೊಂಟ. ಇಪ್ಪತ್ತೈದು ವರ್ಷ ಕಾಫಿ ಕುಯ್ದು, ಬೀಜ ಹೆಕ್ಕಿ ಬಂದ ನೋವು. “ಹತ್ತು ಸಲ ಮಸಾಜ್ ಮಾಡಿಸ್ಕೊಂಡ್ರೆ ಮಾತ್ರೆ, ಡಾಕ್ಟ್ರು ಹೇಳಿದ ವ್ಯಾಯಾಮ ಎಲ್ಲಾ ಬಿಟ್ಬಿಡ್ಬೋದಂತೆ ಕಣೋ” ಅಂದಳು. ಅಲ್ಲಿಗೆ ನನ್ನ ನಗು ನಿಂತಿತು. ರಾತ್ರಿ ಕೂತು ಈ 5000 ವರ್ಷದ ಲೆಕ್ಕ ಹುಡುಕೋಕೆ ಶುರು ಮಾಡಿದೆ.

ಮೊದಲು ಹೆಸರು. ‘ಅರೋಮಾಥೆರಪಿ’ ಅನ್ನೋದು ರೆನೆ ಮಾರಿಸ್ ಗಾಟ್‌ಫಾಸೆ ಎಂಬ ಫ್ರೆಂಚ್ ರಸಾಯನ ತಜ್ಞ ಕೊಟ್ಟ ಪದ. 1910ರಲ್ಲಿ ಪ್ರಯೋಗಾಲಯದಲ್ಲಿ ಆತನ ಕೈ ಸುಟ್ಟಿತ್ತು, ಆಗ ಲ್ಯಾವೆಂಡರ್ ಎಣ್ಣೆ ಹಚ್ಚಿ ನೋಡಿದ. 1937ರಲ್ಲಿ ಆ ಹೆಸರಿನ ಪುಸ್ತಕ ಬರೆದ. ಅದನ್ನು ಮಸಾಜಿಗೆ ಸೇರಿಸಿದ ಕೀರ್ತಿ ಹೆಚ್ಚಾಗಿ ಮಾರ್ಗರೀಟ್ ಮೌರಿ ಎಂಬಾಕೆಗೆ ಸಲ್ಲುತ್ತೆ, ಅದೂ ಎರಡನೇ ಮಹಾಯುದ್ಧದ ನಂತರ. ಅಂದರೆ ಬೋರ್ಡಿನ 5000 ವರ್ಷ ನೂರರ ಒಳಗೆ ಇಳಿಯಿತು!

ಹಾಗಂತ ನಮ್ಮಲ್ಲಿ ಎಣ್ಣೆ ತಿಕ್ಕುವುದು ಇರಲಿಲ್ಲವಾ? ಧಾರಾಳವಾಗಿ ಇತ್ತು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಅಭ್ಯಂಗ ದಿನನಿತ್ಯದ ಕೆಲಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1129ರ ಹೊತ್ತಿಗೆ ಬರೆದ ಮಾನಸೋಲ್ಲಾಸದಲ್ಲಿ ಅರಸನ ಸ್ನಾನದ ಭಾಗವಿದೆ, ಪರಿಮಳದ ಎಣ್ಣೆಯೂ ಇದೆ. ಆದರೆ ಅಲ್ಲಿ ಪರಿಮಳ ಭೋಗಕ್ಕೆ. ನೋವಿಗೆ ಕೊಡುವ ತೈಲದ ದಾರಿಯೇ ಬೇರೆ. ಬೇರು, ತೊಗಟೆಗಳ ಕಷಾಯವನ್ನು ಎಳ್ಳೆಣ್ಣೆಗೆ ಹಾಕಿ ನೀರಿನಂಶ ಹೋಗೋವರೆಗೂ ಕಾಯಿಸಬೇಕು. ಅದರ ವಾಸನೆ ಗೊತ್ತಲ್ಲ, ಯಾರೂ ಅದನ್ನ ‘ಅರೋಮಾ’ ಅನ್ನಲಾರರು. ಕಟಿಬಸ್ತಿಯಲ್ಲಂತೂ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಸೊಂಟದ ಮೇಲೆ ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತಾರೆ. ಅಲ್ಲಿ ಕೆಲಸ ಮಾಡೋದು ಎಣ್ಣೆ, ಬಿಸಿ ಎಂಬ ನಂಬಿಕೆ, ಘಮ ಅಲ್ಲ. ಅರೋಮಾಥೆರಪಿಯ ಎಣ್ಣೆ ಬಹುತೇಕ ಹಬೆಯಿಂದ ಭಟ್ಟಿ ಇಳಿಸಿದ್ದು. (ಭಟ್ಟಿ ಅಂದ ಕೂಡಲೇ ಬೇರೇನೋ ನೆನಪಾದರೆ ನಾನು ಹೊಣೆಯಲ್ಲ :-))

ಭಟ್ಟಿ ಎಣ್ಣೆಯ ದೊಡ್ಡ ಕಥೆಯೂ ನಮ್ಮ ರಾಜ್ಯದಲ್ಲಿದೆ, ಶ್ರೀಗಂಧದ್ದು. 1914ರ ಯುದ್ಧದ ತನಕ ಮೈಸೂರಿನ ಗಂಧದ ಮರ ಹೊರದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂತು, ಮರ ಇಲ್ಲೇ ಉಳಿಯಿತು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಬೆಂಗಳೂರು, 1917ರಲ್ಲಿ ಮೈಸೂರು ಕಾರ್ಖಾನೆ ಆಯಿತು. ಆಗ ಆ ಎಣ್ಣೆಗೆ ಔಷಧಿಯಾಗಿಯೂ ಬೇಡಿಕೆಯಿತ್ತು, ಆದರೆ ಗುಹ್ಯರೋಗಕ್ಕೆ. ಬೆನ್ನಿಗಲ್ಲ!

ಇನ್ನು ನಮ್ಮ ಬೆಟ್ಟಗಳ ಕಡೆ ಬಂದರೆ, ಮಂಜರಾಬಾದಿನಲ್ಲಿ 1843ರಲ್ಲಿ ಫ್ರೆಡರಿಕ್ ಗ್ರೀನ್ ಕಾಫಿ ತೋಟ ಹಾಕಿದಾಗಿನಿಂದ ಇಲ್ಲಿ ಬಗ್ಗಿದ ಸೊಂಟಗಳ ಲೆಕ್ಕ ಇಟ್ಟವರಿಲ್ಲ. ಏಲಕ್ಕಿ ಕುಯ್ಯೋದಂತೂ ಕಾಫಿಗಿಂತ ಕಷ್ಟ, ಕಾಯಿ ಬಿಡೋದು ಗಿಡದ ಬುಡದಲ್ಲಿ. ತಮಾಷೆ ನೋಡಿ, ಆ ಏಲಕ್ಕಿ ಎಣ್ಣೆಯಲ್ಲೂ ನೀಲಗಿರಿ ಎಣ್ಣೆಯಲ್ಲೂ ಇರುವ ಮುಖ್ಯ ಅಂಶ ಒಂದೇ, ಸಿನಿಯೋಲ್. ಘಮ ಬೆಳೆದವರು ನೋವಿಗೆ ಹಚ್ಚಿದ್ದು ಮಾತ್ರ ಹರಳೆಣ್ಣೆ. ಇಲ್ಲಾಂದ್ರೆ 1893ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ಅಮೃತಾಂಜನ. ನನ್ನ ಪ್ರಕಾರ ಕೂಲಿಲೈನಿನ ಅರೋಮಾಥೆರಪಿ ಅಂದರೆ ಆ ಪುಟ್ಟ ಡಬ್ಬಿಯೇ.

ಸರಿ, ಉಪಯೋಗ ಇದೆಯಾ? 2004ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಲ್ಯಾವೆಂಡರ್ ಎಣ್ಣೆ ಹಚ್ಚಿ ಒತ್ತಿದವರಿಗೆ ಸೊಂಟನೋವು ಸ್ವಲ್ಪ ಕಾಲ ಕಡಿಮೆಯಾಗಿತ್ತು. ಆದರೆ ಅದರ ಜೊತೆ ವಿದ್ಯುತ್ ಪ್ರಚೋದನೆಯೂ ಇತ್ತು. ಕಡಿಮೆ ಮಾಡಿದ್ದು ಘಮವೋ, ಕೈಯೋ, ಕರೆಂಟೋ? ಒಂದೇ ಸಲ ಮೂರು ಬದಲಾವಣೆ ಮಾಡಿ ಬಗ್ ಹೋಯ್ತು ಅಂದ ಹಾಗೆ. 2023ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹಳೇ ಸೊಂಟನೋವಿಗೆ ಮಸಾಜನ್ನೂ ಒಪ್ಪುತ್ತದೆ. ಆದರೆ ವ್ಯಾಯಾಮದ ಜೊತೆಗೆ ಅದೂ ಒಂದು, ಅದರ ಬದಲಿಗೆ ಅಲ್ಲ.

ಬೆಳಿಗ್ಗೆ ಅಮ್ಮನಿಗೆ ಇಷ್ಟೂ ಹೇಳಿದೆ. ಮಾನಸೋಲ್ಲಾಸ ಬರೋ ಹೊತ್ತಿಗೆ ಎದ್ದು ದೋಸೆ ಹುಯ್ಯೋಕೆ ಹೋದಳು. ಅಲ್ಲಿಂದಲೇ, “ಅಂದ್ರೆ ವ್ಯಾಯಾಮ ಬಿಡೋ ಹಂಗಿಲ್ಲ ಅನ್ನು” ಅಂದಳು.

“ಬಿಡೋ ಹಂಗಿಲ್ಲಮ್ಮ. ಮಸಾಜ್ ಬೇಕಿದ್ರೆ ಮಾಡಿಸ್ಕೊ.”

“ಅಷ್ಟು ದುಡ್ಡು ಕೊಟ್ಟು ಯಾರ್ ಮಾಡಿಸ್ಕೋತಾರೆ? ಹರಳೆಣ್ಣೆ ಬಿಸಿ ಮಾಡ್ಕೊಡ್ತೀನಿ, ನೀನೇ ತಿಕ್ಕು.”

ಹೊರಡೋವರೆಗೂ ನಾಲ್ಕು ದಿನ ತಿಕ್ಕಿದೆ. ಕೀಬೋರ್ಡ್ ಕುಟ್ಟೋ ಕೈ, ಎರಡೇ ದಿನಕ್ಕೆ ನನ್ನ ಹೆಬ್ಬೆರಳು ನೋಯೋಕೆ ಶುರುವಾಯ್ತು. ಈಗ ಅಕ್ಕಪಕ್ಕದ ಮನೆ ಹುಡುಗಿಯೊಬ್ಬಳು ಬಂದು ತಿಕ್ಕುತ್ತಾಳಂತೆ. ಅಮ್ಮ ಫೋನಿನಲ್ಲಿ ಹೇಳಿದ್ದು, ಅವಳ ಕೈ ನನ್ನದಕ್ಕಿಂತ ಚೆನ್ನಾಗಿದೆಯಂತೆ.