ಬಿಸಿಲು, ವೋಲ್ಟೇಜ್ ಮತ್ತು ಟಿವಿ ಗೇಮ್: ಆಳಂದ, ಅಫಜಲಪುರ, ಜೇವರ್ಗಿ ಪರಿಸರದಲ್ಲಿ ಬಾಳಿಕೆಯ ವಿಚಾರ

ನಿಂಟೆಂಡೊ 1983ರ ಜುಲೈಯಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಟಿವಿ ಗೇಮ್ ಯಂತ್ರ ಫ್ಯಾಮಿಕಾಮ್ ನಮ್ಮ ಸಣ್ಣ ಊರುಗಳನ್ನು ಮುಟ್ಟಿದ್ದು ಹೆಚ್ಚಾಗಿ ನಕಲುಗಳ ರೂಪದಲ್ಲಿ. ಲಿಟಲ್ ಮಾಸ್ಟರ್, ಟರ್ಮಿನೇಟರ್ ಮುಂತಾದ ಹೆಸರಿನ ಈ ಪೆಟ್ಟಿಗೆಗಳಿಗೆ ಹಾಕುವ ಕಾರ್ಟ್ರಿಜ್ ಮಕ್ಕಳ ಬಾಯಲ್ಲಿ ‘ಕ್ಯಾಸೆಟ್’ ಆಯಿತು. ನಕಲು ಎಂದಾಕ್ಷಣ ಬಾಳಿಕೆ ಕಡಿಮೆ ಎನ್ನುವುದು ಆತುರದ ಮಾತಾದೀತು.

1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅಸಲಿ ಯಂತ್ರದಲ್ಲಿ ಕ್ಯಾಸೆಟ್ಟನ್ನು ಎದುರಿನಿಂದ ತೂರಿಸಿ ಕೆಳಗೆ ಅದುಮುವ 72 ಪಿನ್ನಿನ ಕನೆಕ್ಟರ್ ಇತ್ತು; ಜೊತೆಗೆ, ಪರವಾನಗಿ ಇಲ್ಲದ ಕ್ಯಾಸೆಟ್ ತಡೆಯುವ ಒಂದು ಬೀಗದ ಚಿಪ್. ಪಿನ್ ಸಡಿಲಾಗಿ ಆ ಚಿಪ್ಪಿನ ಸಂಕೇತ ತಪ್ಪಿದರೆ ಯಂತ್ರ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ನಕಲುಗಳು ಹಿಡಿದದ್ದು ಜಪಾನಿ ಮಾದರಿಯನ್ನು: ಮೇಲಿನಿಂದ ನೇರ ಇಳಿಯುವ 60 ಪಿನ್, ಬೀಗವಿಲ್ಲ. ಎರೆಭೂಮಿಯ ಧೂಳಿಗೆ ಇದೇ ಸರಿ. ಪಿನ್ನಿಗೆ ಕೊಳೆ ಕಟ್ಟಿದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಕು. (ಬಾಯಿಂದ ಊದುವುದು ಎಲ್ಲ ದೇಶದ ಮಕ್ಕಳ ಚಾಳಿ, ಉಸಿರಿನ ತೇವ ಲೋಹಕ್ಕೆ ಒಳ್ಳೆಯದಲ್ಲ.)

ನಿಜವಾದ ಕಾಟ ಕರೆಂಟಿನದು. ಹಳೆಯ ಅಡಾಪ್ಟರ್ ಎಂದರೆ ಬರೀ ಟ್ರಾನ್ಸ್‌ಫಾರ್ಮರ್, ಡಯೋಡು. ಲೈನಿನ ಏರಿಳಿತವನ್ನು ಹಾಗೇ ಒಳಗೆ ಬಿಡುತ್ತದೆ. ಒಳಗಿರುವ 7805 ರೆಗ್ಯುಲೇಟರ್ 5 ವೋಲ್ಟ್ ಉಳಿಸಿಕೊಂಡು ಮಿಕ್ಕಿದ್ದನ್ನು ಶಾಖವಾಗಿ ಕಳೆಯುತ್ತದೆ. 300 ಮಿಲಿಆಂಪ್ ಹರಿಯುವಾಗ 9 ವೋಲ್ಟ್ ಬಂದರೆ 1.2 ವ್ಯಾಟ್ ಶಾಖ, 12 ಬಂದರೆ 2.1. ಸುಮಾರು 7ಕ್ಕಿಂತ ಇಳಿಯಿತೋ, ಪರದೆಯ ಮೇಲೆ ಪಟ್ಟಿಗಳ ಓಡಾಟ. ನಿರಂತರ ಜ್ಯೋತಿ ಯೋಜನೆ ಪಂಪ್‌ಸೆಟ್ಟುಗಳ ಫೀಡರನ್ನು ಮನೆಗಳಿಂದ ಬೇರೆ ಮಾಡುವ ಮುಂಚೆ, ಭೀಮಾ ದಂಡೆಯ ಹಳ್ಳಿಯಲ್ಲಿ ಈ ಏರು, ಇಳಿತ ಎರಡೂ ಒಂದೇ ದಿನ ಬರಬಹುದಿತ್ತು.

ಶಾಖದ ಪೆಟ್ಟು ಬೀಳುವುದು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿಗೆ. 85 ಡಿಗ್ರಿಯಲ್ಲಿ 2000 ಗಂಟೆ ಎಂದು ನಮೂದಾದದ್ದು, ಪ್ರತಿ 10 ಡಿಗ್ರಿ ತಣ್ಣಗಾದಂತೆ ಆಯುಷ್ಯ ಇಮ್ಮಡಿಯಾಗುವ ಲೆಕ್ಕದಲ್ಲಿ, 45 ಡಿಗ್ರಿಗೆ 32,000 ಗಂಟೆ ಬಾಳಬೇಕು. 65ಕ್ಕೆ ಬರೀ 8,000. ಈ ಮೂರೂ ತಾಲೂಕುಗಳಲ್ಲಿ ಮೇ ತಿಂಗಳ ಹಗಲು 40 ದಾಟುವುದು ಮಾಮೂಲು. ಮಕ್ಕಳು ಹೊರಗೆ ಹೋಗಲಾರದೆ ಟಿವಿ ಮುಂದೆ ಕೂರುವ ಬೇಸಿಗೆ ರಜೆಯೂ ಅದೇ. ಯಂತ್ರ ಹೆಚ್ಚು ದುಡಿಯುವ ಹೊತ್ತೇ ಅದಕ್ಕೆ ಕೆಟ್ಟ ಹೊತ್ತು.

ಆದರೂ ಕೆಪ್ಯಾಸಿಟರ್, ರೆಗ್ಯುಲೇಟರ್ ಎರಡೂ ಟಿವಿ ರಿಪೇರಿಯವರ ಬಳಿ ಸಿಗುವ ಸಾಮಾನು. ಬೆಸುಗೆ ಬಿಚ್ಚಿ ಬದಲಿಸಬಹುದು. ನಂತರದ ಅಗ್ಗದ ನಕಲುಗಳಲ್ಲಿ ಇಡೀ ಯಂತ್ರವನ್ನು ಒಂದೇ ಚಿಪ್ಪಿಗೆ ಇಳಿಸಿ ಮೇಲೆ ಕಪ್ಪು ಎಪಾಕ್ಸಿ ಸುರಿದರು. ಅದು ಕೆಟ್ಟರೆ ಬೋರ್ಡೇ ಹೋಯಿತು. ಸಂಗ್ರಹಕಾರರು ಹುಡುಕಬೇಕಾದದ್ದು ಬಿಡಿ ಚಿಪ್ಪುಗಳಿರುವ ಮೊದಲಿನ ನಕಲುಗಳನ್ನು. ಕೊಳ್ಳುವ ಮುಂಚೆ ತಳದ ತಿರುಪು ಬಿಚ್ಚಿ ಬೋರ್ಡು ನೋಡಬೇಕು.